ಲಾರಿ ಒಂದು ಕಡೆಗೆ ಎಳೆಯುತ್ತಿದೆಯೇ? ಅಲೈನ್‌ಮೆಂಟಿಗೆ ಓಡುವ ಮೊದಲು ಒಂದೊಂದಾಗಿ ನೋಡಬೇಕಾದದ್ದು

ಅಂಕೋಲೆಯ ಹತ್ತಿರ ಹೆದ್ದಾರಿ ಬದಿಯಲ್ಲಿರುವ ನಮ್ಮ ಗ್ಯಾರೇಜಿಗೆ "ಗಾಡಿ ಎಡಕ್ಕೆ ಎಳೀತದೆ" ಎಂದು ಬರುವ ಲಾರಿಗಳಲ್ಲಿ ಹೆಚ್ಚಿನವು ಆಗಲೇ ಎರಡು ಕಡೆ ಅಲೈನ್‌ಮೆಂಟ್ (ಗಾಲಿಗಳ ಓರೆಕೋರೆ ಅಳೆದು ಸರಿಮಾಡುವ ಕೆಲಸ) ಮಾಡಿಸಿಕೊಂಡು ಬಂದಿರುತ್ತವೆ. ದುಡ್ಡು ಹೋಗಿದೆ, ಒಂದೆರಡು ದಿನದ ಬಾಡಿಗೆ ತಪ್ಪಿದೆ, ಎಳೆತ ಮಾತ್ರ ಇದ್ದ ಹಾಗೇ ಇದೆ. ಕೆಲವು ಗಾಡಿಗಳಲ್ಲಿ ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡನ್ನು ಅತ್ತಿತ್ತ ತಿರುಗಿಸಿ ಹೊಸ ಟೈರುಗಳೂ ಸವೆದುಹೋಗಿರುತ್ತವೆ. ಎಲ್ಲ ಕಡೆ ಆಗುವ ತಪ್ಪು ಒಂದೇ: ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುವುದು.

ಮುಂದಿನ ಆಕ್ಸಲ್ ಒಂದೇ ತೊಲೆಯಾಗಿರುವ, ಲೀಫ್ ಸ್ಪ್ರಿಂಗ್ ಅಂದರೆ ಪಾಟಾ ಇರುವ ಲಾರಿ, ಟಿಪ್ಪರ್, ಟಾಟಾ 407 ತರಹದ ಗಾಡಿಗಳಿಗೆ ಇಲ್ಲಿನ ಕ್ರಮ ಹೊಂದುತ್ತದೆ. ಹಂತ 1ರಲ್ಲಿ ಹೇಳಿದ ಕಡೆ ಬಿಟ್ಟು ಬೇರೆಲ್ಲೂ ಹಂತಗಳನ್ನು ಹಾರಿಸಬೇಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

## ಬೇಕಾಗುವ ಸಾಮಾನು

ಹವಾ ನೋಡುವ ಒಳ್ಳೆಯ ಗೇಜ್, ಗಾಡಿಯ ತೂಕಕ್ಕೆ ತಕ್ಕ ಜ್ಯಾಕ್, ಎರಡು ಗಟ್ಟಿ ಸ್ಟ್ಯಾಂಡ್, ಗಾಲಿಗೆ ಕೊಡಲು ನಾಲ್ಕು ಮರದ ಬೆಣೆ, 10 ಮೀಟರ್ ಟೇಪು, ಸೀಮೆಸುಣ್ಣ, ದಾರ ಕಟ್ಟಿದ ತೂಗುಗುಂಡು, ಉದ್ದ ಹಾರೆಕೋಲು, ಗ್ರೀಸ್ ಗನ್, ಟಾರ್ಚು, ವೀಲ್ ಸ್ಪ್ಯಾನರ್. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅರ್ಧ ಕೆಲಸ ಹಗುರ. ಈ ಪಟ್ಟಿಯಲ್ಲಿ ಹೊಸದಾಗಿ ಒಂದನ್ನೇ ಕೊಳ್ಳುವುದಿದ್ದರೆ ಅದನ್ನೇ ಕೊಳ್ಳಿ.

ಜೊತೆಗೆ ಒಬ್ಬ ಸಹಾಯಕ ಬೇಕೇಬೇಕು. ಬ್ರೇಕ್ ಒತ್ತುವವನು ಒಬ್ಬ, ಕೆಳಗೆ ನೋಡುವವನು ಇನ್ನೊಬ್ಬ.

## ಗಾಡಿಯ ಕೆಳಗೆ ಹೋಗುವ ಮೊದಲು

ನಮ್ಮ ಕಡೆ ಎಲ್ಲಿ ನೋಡಿದರೂ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಸಿಗುತ್ತದೆ. ಆದ್ದರಿಂದ ಜ್ಯಾಕಿನ ಕೆಳಗೂ ಆಕ್ಸಲ್ ಕೆಳಗೂ ಅದನ್ನೇ ಇಡುವ ಅಭ್ಯಾಸ ಬೆಳೆದಿದೆ. ದಯವಿಟ್ಟು ಇಡಬೇಡಿ. ಚಿರೇಕಲ್ಲು ಗೋಡೆಯಲ್ಲಿ ಸಾಲಾಗಿ ಕೂತಾಗ ಭಾರ ಹೊರುತ್ತದೆ. ಜ್ಯಾಕಿನ ಸಣ್ಣ ತಲೆಯಡಿ ಇಡೀ ಆಕ್ಸಲ್‌ನ ಭಾರ ಬಿದ್ದರೆ, ಅದರಲ್ಲೂ ಮಳೆಯಲ್ಲಿ ನೆಂದಿದ್ದರೆ, ಸದ್ದಿಲ್ಲದೆ ಪುಡಿಯಾಗುತ್ತದೆ. ದಪ್ಪ ಮರದ ಹಲಗೆಯ ಮೇಲೆ ಜ್ಯಾಕ್, ಆಕ್ಸಲ್ ಕೆಳಗೆ ಕಬ್ಬಿಣದ ಸ್ಟ್ಯಾಂಡ್, ನೆಲದ ಮೇಲೇ ಉಳಿಯುವ ಗಾಲಿಗಳ ಎರಡೂ ಬದಿಗೆ ಬೆಣೆ. ಮಳೆಗಾಲದ ಕೆಸರು ನೆಲದಲ್ಲಿ ಗಾಡಿ ಎತ್ತುವ ಕೆಲಸವೇ ಬೇಡ.

ಎರಡನೆಯದು, ಏರ್ ಬ್ರೇಕ್ ಗಾಡಿಗಳ ಹಿಂದಿನ ಚೇಂಬರಿನೊಳಗೆ (ಹವಾದ ಬಲದಿಂದ ಬ್ರೇಕಿನ ರಾಡನ್ನು ದೂಡುವ ಡಬ್ಬಿ) ಪಾರ್ಕಿಂಗ್ ಬ್ರೇಕಿನ ದೊಡ್ಡ ಸ್ಪ್ರಿಂಗ್ ಒತ್ತಿಟ್ಟಿರುತ್ತದೆ. ಆ ಭಾಗದ ಕ್ಲ್ಯಾಂಪನ್ನು ಯಾವ ಕಾರಣಕ್ಕೂ ನೀವಾಗಿ ಬಿಚ್ಚಬೇಡಿ. ಅದು ಹಾರಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ಚೇಂಬರ್ ಕೆಟ್ಟಿದೆ ಅನ್ನಿಸಿದರೆ ಆ ಕೆಲಸ ಗೊತ್ತಿರುವವರ ಕೈಗೆ ಕೊಡಿ.

## ಹಂತ 1: ಯಾವಾಗ ಎಳೆಯುತ್ತದೆ ಎಂದು ಮೊದಲು ಪತ್ತೆ ಮಾಡಿ

ಪಾನಾ ಮುಟ್ಟುವ ಮೊದಲು ಡ್ರೈವರನ ಜೊತೆ ಕೂತು ಮಾತಾಡಿ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಹಂತ. "ಎಳೀತದೆ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ದೂರುಗಳು ಅಡಗಿರಬಹುದು.

ಸ್ಟೇರಿಂಗ್ ಹಿಡಿತ ಸಡಿಲಿಸಿದರೆ ಗಾಡಿ ಒಂದೇ ಕಡೆಗೆ ಹೋಗುತ್ತದೆ, ಯಾವಾಗಲೂ ಅದೇ ಕಡೆಗೆ: ಇದು ನಿಜವಾದ ಎಳೆತ. ಗಾಡಿ ನೇರವಾಗಿಯೇ ಹೋಗುತ್ತದೆ, ಸ್ಟೇರಿಂಗ್ ಚಕ್ರ ಮಾತ್ರ ಓರೆಯಾಗಿ ನಿಂತಿದೆ: ಇದು ಎಳೆತದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಹಂತ 7 ನೋಡಬೇಕಾಗಬಹುದು. ಗಾಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೇಲಾಡುತ್ತದೆ: ಸವೆದ ಕೊಂಡಿಗಳ ಕಡೆ ಗಮನ ಕೊಡಿ. ನಾಲ್ಕನೆಯದನ್ನು ಹೆಚ್ಚಿನವರು ಗುರುತಿಸುವುದೇ ಇಲ್ಲ: ಎಡ ತಿರುವು ಮುಗಿದ ಮೇಲೆ ಎಡಕ್ಕೇ ಎಳೆಯುತ್ತದೆ, ಬಲ ತಿರುವಿನ ನಂತರ ಬಲಕ್ಕೆ. ಅಂದರೆ ಕೊನೆಯ ಸಲ ಯಾವ ಕಡೆ ತಿರುಗಿಸಿದಿರೋ ಅತ್ತಲೇ ಅಂಟಿಕೊಳ್ಳುತ್ತದೆ. ಇಂಥ ಗಾಡಿಗೆ ಟೈರ್ ಬದಲಿಸಿ, ಹವಾ ನೋಡಿ, ಏನೇ ಮಾಡಿದರೂ ಉಪಯೋಗವಿಲ್ಲ; ಕಿಂಗ್ ಪಿನ್ (ಮುಂದಿನ ಗಾಲಿ ಎಡಬಲ ತಿರುಗಲು ಆಸರೆಯಾದ ದಪ್ಪ ಪಿನ್) ಅಥವಾ ಸ್ಟೇರಿಂಗ್ ಬಾಕ್ಸ್ ಬಿಗಿಯಾಗಿದೆ. ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಬಂದ ಡ್ರೈವರನನ್ನು ಕೇಳಿದರೆ ಇದು ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ತಿರುವಿನ ಮೇಲೆ ತಿರುವು.

ಆಮೇಲೆ ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ:

1. ಬ್ರೇಕ್ ಮುಟ್ಟದೆ ಸುಮ್ಮನೆ ಓಡುವಾಗಲೂ ಎಳೆಯುತ್ತದೆಯೇ, ಬ್ರೇಕ್ ಒತ್ತಿದಾಗ ಮಾತ್ರವೇ?
2. ಬೆಳಿಗ್ಗೆ ಹೊರಟ ಕೂಡಲೇ ಇರುತ್ತದೆಯೇ, ಒಂದಷ್ಟು ದೂರ ಹೋದ ಮೇಲೆ ಶುರುವಾಗುತ್ತದೆಯೇ?
3. ಖಾಲಿ ಗಾಡಿಯಲ್ಲೂ ಇದೆಯೇ, ಲೋಡು ಇದ್ದಾಗ ಮಾತ್ರವೇ?
4. ಆಕ್ಸಿಲೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಹೋಗುತ್ತದೆಯೇ?
5. ಇದು ಶುರುವಾಗುವ ಮೊದಲು ಗಾಡಿಗೆ ಏನಾಯಿತು? ಟೈರ್ ಹಾಕಿಸಿದಿರೇ, ಪಾಟಾ ಕೆಲಸ ಆಯಿತೇ, ಹೊಂಡಕ್ಕೆ ಇಳಿಯಿತೇ, ನೀರಿನಲ್ಲಿ ಹೋಯಿತೇ, ತಿಂಗಳುಗಟ್ಟಲೆ ನಿಂತಿತ್ತೇ?

ಬ್ರೇಕ್ ಒತ್ತಿದಾಗ ಮಾತ್ರ ಎಂದರೆ ನೇರ ಹಂತ 5ಕ್ಕೆ ಹೋಗಬಹುದು. ಓಡಿದ ಮೇಲೆ ಶುರುವಾಗುತ್ತದೆ ಎಂದರೆ ಹಂತ 4ರಲ್ಲಿ ಉತ್ತರ ಸಿಗುವ ಸಂಭವ ಹೆಚ್ಚು. ಆಕ್ಸಿಲೇಟರಿಗೆ ತಕ್ಕಂತೆ ಕಡೆ ಬದಲಾದರೆ ಹಿಂದಿನ ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಸಡಿಲವಾಗಿದೆ, ಹಂತ 7. ಐದನೇ ಪ್ರಶ್ನೆಗೆ ಡ್ರೈವರ್ "ಏನೂ ಆಗಿಲ್ಲ" ಅಂದರೆ ಕ್ಲೀನರನ್ನು ಬೇರೆಯಾಗಿ ಕೇಳಿ. ಹೊಂಡಕ್ಕೆ ಬಿದ್ದ ಸುದ್ದಿ ಮಾಲಕರ ಎದುರು ಹೊರಗೆ ಬರುವುದಿಲ್ಲ.

## ಹಂತ 2: ರಸ್ತೆ, ಗಾಳಿ, ಲೋಡು

ಮಳೆನೀರು ಹರಿದುಹೋಗಲಿ ಎಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಮಳೆ ಹೆಚ್ಚಿರುವ ನಮ್ಮಂಥ ಕಡೆ ಡಾಂಬರು ರಸ್ತೆಗೆ ಈ ವಾಟ ಸುಮಾರು 2.5 ಶೇಕಡಾ, ಅಂದರೆ ಒಂದು ಮೀಟರ್ ಅಗಲಕ್ಕೆ ಎರಡೂವರೆ ಸೆಂ.ಮೀ. ನಾವು ಎಡಬದಿಯಲ್ಲಿ ಓಡಿಸುವವರು. ಹೀಗಾಗಿ ಸರಿಯಾಗಿರುವ ಗಾಡಿಯೂ ಕೈ ಸಡಿಲಿಸಿದರೆ ನಿಧಾನವಾಗಿ ಎಡಕ್ಕೆ ಜಾರುತ್ತದೆ. ಅದು ದೋಷವಲ್ಲ. ನೇರ ರಸ್ತೆಯಲ್ಲಿ ಗಾಡಿ ಬಲಕ್ಕೆ ಎಳೆದರೆ ಮಾತ್ರ ರಸ್ತೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಇಳಿಜಾರಿಗೆ ವಿರುದ್ಧವಾಗಿ ಎಳೆಯುವಷ್ಟು ದೋಷ ಗಾಡಿಯಲ್ಲಿದೆ ಎಂದೇ ತಿಳಿಯಿರಿ.

ಪರೀಕ್ಷೆಗೆ ಕಾರವಾರ–ಭಟ್ಕಳ ಹೆದ್ದಾರಿ 66ರ ಚತುಷ್ಪಥದಲ್ಲಿ ಬೆಳಗಿನ ಹೊತ್ತು, ದನಕರು, ಬೈಕು ಇಲ್ಲದ ನೇರ ತುಂಡನ್ನು ಆರಿಸಿಕೊಳ್ಳಿ. 40–50 ಕಿ.ಮೀ. ವೇಗ ಸಾಕು. ಸ್ಟೇರಿಂಗ್ ಪೂರ್ತಿ ಬಿಡಬೇಡಿ. ಎರಡೂ ಕೈಗಳನ್ನು ಚಕ್ರದ ಸುತ್ತ ಇಟ್ಟುಕೊಂಡೇ ಹಿಡಿತ ಸಡಿಲಿಸಿ.

ಅದೇ ತುಂಡಿನಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಓಡಿಸಿ. ಕುಮಟೆಯಿಂದ ಕಾರವಾರದ ಕಡೆ ಹೋಗುವಾಗ ಸಮುದ್ರ ಎಡಕ್ಕಿರುತ್ತದೆ, ಮಳೆಗಾಲದ ಪಡುಗಾಳಿ ಗಾಡಿಯನ್ನು ಬಲಕ್ಕೆ ದೂಡುತ್ತದೆ, ಮರಳುವಾಗ ಎಡಕ್ಕೆ. ಎತ್ತರದ ಬಾಡಿ, ತಾಡಪಾಲು ಕಟ್ಟಿದ ಲಾರಿ ಆದರೆ ಈ ದೂಡಾಟ ಜೋರು. ದಿಕ್ಕು ಬದಲಿಸಿದಾಗ ಎಳೆತದ ಕಡೆಯೂ ಬದಲಾದರೆ ಗಾಳಿಯ ಕೆಲಸ. ಎರಡೂ ದಿಕ್ಕಿನಲ್ಲಿ ಒಂದೇ ಕಡೆಗೆ ಹೋದರೆ ಮುಂದೆ ಹುಡುಕಿ.

ಲೋಡಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಚಿರೇಕಲ್ಲು ಒಂದು ಪಕ್ಕಕ್ಕೆ ಹೆಚ್ಚು ಪೇರಿಸಿದ್ದರೆ, ಅಡಿಕೆ ಚೀಲ ಜರುಗಿದ್ದರೆ ಗಾಡಿ ವಾಲಿದ ಕಡೆಗೇ ಹೋಗುತ್ತದೆ. ಆದಷ್ಟು ಖಾಲಿ ಗಾಡಿಯಲ್ಲೇ ಮೊದಲ ಪರೀಕ್ಷೆ ಮಾಡಿ.

## ಹಂತ 3: ಟೈರ್

ಗಾಡಿ ತಣ್ಣಗಿರುವಾಗ, ಓಡಿಸುವ ಮೊದಲೇ, ಎಲ್ಲ ಟೈರುಗಳ ಹವಾ ನೋಡಿ. ಓಡಿ ಬಿಸಿಯಾದ ಟೈರಿನ ಒತ್ತಡ ಹೆಚ್ಚು ತೋರಿಸುತ್ತದೆ, ಲೆಕ್ಕ ತಪ್ಪುತ್ತದೆ. ಮುಂದಿನ ಎರಡು ಟೈರುಗಳ ಹವಾ ಒಂದಕ್ಕೊಂದು ಸಮ ಇರಬೇಕು. ಕಡಿಮೆ ಹವಾ ಇರುವ ಟೈರಿನ ಕಡೆಗೆ ಗಾಡಿ ಎಳೆಯುತ್ತದೆ. ಕಾಲಿನಿಂದ ಒದ್ದು ನೋಡುವುದರಿಂದ 10 ಪಿಎಸ್‌ಐ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ಗೇಜ್ ಹಚ್ಚಲೇಬೇಕು. ಹಿಂದೆ ಜೋಡಿ ಟೈರಿನಲ್ಲಿ ಒಳಗಿನದು ಕುಳಿತಿರುತ್ತದೆ, ಹೊರಗಿನದು ಭಾರ ಹೊತ್ತು ನಿಂತಿರುತ್ತದೆ. ಅದಕ್ಕೆ ಒಳಗಿನದಕ್ಕೂ ಗೇಜ್ ಹಚ್ಚಿ.

ಮುಂದಿನ ಎರಡೂ ಟೈರ್ ಒಂದೇ ಅಳತೆ, ಒಂದೇ ಜಾತಿ, ಒಂದೇ ನಮೂನೆಯ ಸವೆತ ಇರಬೇಕು. ಒಂದು ರೇಡಿಯಲ್ ಇನ್ನೊಂದು ನೈಲಾನ್, ಒಂದು ಹೊಸದು ಇನ್ನೊಂದು ಅರ್ಧ ಸವೆದದ್ದು, ಹೀಗಿದ್ದರೆ ಬೇರೆ ಏನನ್ನೂ ಹುಡುಕುವ ಮೊದಲು ಜೋಡಿ ಸರಿಮಾಡಿ. ಹಳೆಯ ಟೈರಿಗೆ ಹೊಸ ಪಟ್ಟಿ ಅಂಟಿಸಿದ ರಿಟ್ರೆಡ್ ಟೈರನ್ನು ಮುಂದೆ ಹಾಕಲೇಬೇಡಿ. ಘಟ್ಟ ಇಳಿಯುವಾಗ ಮುಂದಿನ ಟೈರಿನ ಪಟ್ಟಿ ಕಿತ್ತುಬಂದರೆ ಸ್ಟೇರಿಂಗ್ ಹಿಡಿದು ಉಳಿಸುವುದು ಕಷ್ಟ.

ನೋಡುವುದಕ್ಕೆ ಎಲ್ಲ ಸರಿಯಿದ್ದೂ ರೇಡಿಯಲ್ ಟೈರ್ ಒಳಗಿನ ಪದರದ ಓರೆಯಿಂದ ತಾನಾಗಿ ಒಂದು ಕಡೆಗೆ ಉರುಳುವುದುಂಟು. ಇದನ್ನು ಕಣ್ಣಿನಿಂದ ಹಿಡಿಯಲಾಗದು. ಮುಂದಿನ ಎಡ ಗಾಲಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತ ಇನ್ನೊಂದು ಕಡೆಗೆ ಹೋದರೆ ಅಥವಾ ಮಾಯವಾದರೆ ದೋಷ ಟೈರಿನದು. ಏನೂ ಬದಲಾಗದಿದ್ದರೆ ಟೈರನ್ನು ಬಿಟ್ಟುಬಿಡಿ. ಬಾಣದ ಗುರುತಿರುವ, ಒಂದೇ ದಿಕ್ಕಿಗೆ ಉರುಳಬೇಕಾದ ಟೈರ್ ಆದರೆ ಪರೀಕ್ಷೆ ಮುಗಿದ ಮೇಲೆ ಸ್ವಸ್ಥಾನಕ್ಕೆ ಹಾಕಿ.

ಈ ಅದಲುಬದಲಿಗೆ ಒಂದು ಗಂಟೆ ಸಾಕು. ಹಿಂದೊಮ್ಮೆ ಇದನ್ನು ಮಾಡದೆ ಒಂದು ಟಿಪ್ಪರಿನ ಎರಡೂ ಕಿಂಗ್ ಪಿನ್ ಬದಲಾಯಿಸಿದ್ದೆ. ಗಾಡಿ ಹೊರಗೆ ಹೋದ ಕೂಡಲೇ ಮತ್ತೆ ಬಲಕ್ಕೆ ಎಳೆಯಿತು. ದೋಷ ಇದ್ದದ್ದು ಹದಿನೈದು ದಿನದ ಹಿಂದೆ ಹಾಕಿಸಿದ ಟೈರಿನಲ್ಲಿ. ಆ ಮಾಲಕರಿಗೆ ಮಜೂರಿ ಹಿಂತಿರುಗಿಸಿದೆ. ಆವತ್ತಿನಿಂದ ಅದಲುಬದಲು ಮಾಡದೆ ಯಾವ ಗಾಡಿಯ ಮುಂಭಾಗವನ್ನೂ ಬಿಚ್ಚಿಲ್ಲ.

## ಹಂತ 4: ಬಿಡದೆ ಹಿಡಿದುಕೊಂಡ ಬ್ರೇಕ್

ಕರಾವಳಿಯಲ್ಲಿ ಎಳೆತದ ದೊಡ್ಡ ಕಾರಣ ಇದೇ. ಉಪ್ಪುಗಾಳಿ ಒಂದು ಕಡೆ, ಮೀನು ಲಾರಿಗಳಿಂದ ಸೋರುವ ಉಪ್ಪುನೀರು ಇನ್ನೊಂದು ಕಡೆ. ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮಿನ ಬುಷ್, ಶೂಗಳ ಪಿನ್, ಚೇಂಬರಿನ ರಾಡಿಗೂ ಕ್ಯಾಮಿಗೂ ನಡುವಿನ ಸ್ಲ್ಯಾಕ್ ಅಡ್ಜಸ್ಟರ್ ಎಲ್ಲ ತುಕ್ಕು ಹಿಡಿದು ಬಿಗಿಯಾಗುತ್ತವೆ. ಪೆಡಲ್ ಬಿಟ್ಟರೂ ಒಂದು ಗಾಲಿಯಲ್ಲಿ ಶೂ ಮೇಲಿನ ಲೈನರ್ ಗಾಲಿಯ ಜೊತೆ ತಿರುಗುವ ಡ್ರಮ್ಮಿಗೆ ತಾಗಿಕೊಂಡೇ ಇರುತ್ತದೆ, ಗಾಡಿ ಆ ಕಡೆಗೆ ಎಳೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನು ಸಾಗಿಸುವ ಎಷ್ಟೋ ಗಾಡಿಗಳು ಸುರಿವ ಮಳೆಯಲ್ಲಿ ಆ 61 ದಿನ ನಿಂತೇ ಇರುತ್ತವೆ. ಆಗಸ್ಟ್ ಮೊದಲ ವಾರ ನಮ್ಮಲ್ಲಿ ಬರುವ ದೂರುಗಳಲ್ಲಿ ಇದೇ ಜಾಸ್ತಿ. ನಿಲ್ಲಿಸಿದ ಗಾಡಿಯನ್ನು ವಾರಕ್ಕೊಮ್ಮೆ ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ ಬ್ರೇಕ್ ಒತ್ತಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಪತ್ತೆ ಮಾಡುವ ವಿಧಾನ: ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಸಪಾಟು ರಸ್ತೆಯಲ್ಲಿ 10 ಕಿ.ಮೀ. ಓಡಿಸಿ, ತಾನಾಗಿ ನಿಧಾನಗೊಳ್ಳಲು ಬಿಟ್ಟು ನಿಲ್ಲಿಸಿ. ಕೂಡಲೇ ಇಳಿದು ಥರ್ಮಾಮೀಟರಿನಿಂದ ಪ್ರತಿ ಡ್ರಮ್ಮಿನ ಶಾಖ ನೋಡಿ. ಒಂದೇ ಆಕ್ಸಲ್‌ನ ಎಡ–ಬಲ ಹೋಲಿಸಿ. ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ 40, ಇನ್ನೊಂದು ಕಡೆ 100 ತೋರಿಸಿದರೆ ಬಿಸಿಯಾದ ಕಡೆ ಬ್ರೇಕ್ ಹಿಡಿದಿದೆ, ಇಲ್ಲವೇ ಹಬ್ ಬೇರಿಂಗ್ ಕೆಟ್ಟಿದೆ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯನ್ನು ಡ್ರಮ್ಮಿನಿಂದ ಒಂದು ಗೇಣು ದೂರ ಹಿಡಿದು ಕಾವು ನೋಡಿ. ಮುಟ್ಟಬೇಡಿ, ಚರ್ಮ ಅಂಟಿಕೊಂಡುಬರುತ್ತದೆ. ಬಿಸಿ ಡ್ರಮ್ಮಿಗೆ ನೀರು ಎರಚುವ ಅಭ್ಯಾಸವನ್ನೂ ಬಿಡಿ. ಡ್ರಮ್ ಬಿರುಕು ಬಿಡುತ್ತದೆ.

ಗಾಡಿ ತಣಿದ ಮೇಲೆ ಬಿಸಿಯಾಗಿದ್ದ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಕಾರಣ ಎಲ್ಲಿದೆ ಎಂದು ಹೀಗೆ ಬೇರ್ಪಡಿಸಿ.

ಏರ್ ಬ್ರೇಕ್ ಗಾಡಿಯಲ್ಲಿ ಸಹಾಯಕ ಪೆಡಲ್ ಒತ್ತಿ ಬಿಡಲಿ, ನೀವು ಚೇಂಬರಿನ ರಾಡ್ ನೋಡಿ. ರಾಡ್ ಪೂರ್ತಿ ಹಿಂದೆ ಬಂದೂ ಗಾಲಿ ಬಿಗಿಯಾಗಿದ್ದರೆ ತೊಂದರೆ ಡ್ರಮ್ಮಿನ ಒಳಗೆ: ಶೂ ಎಳೆಯುವ ಸ್ಪ್ರಿಂಗ್ ಮುರಿದಿದೆ, ರೋಲರ್ ಜಾಮ್ ಆಗಿದೆ ಅಥವಾ ಅಡ್ಜಸ್ಟ್‌ಮೆಂಟ್ ತೀರಾ ಬಿಗಿಯಾಗಿದೆ. ರಾಡ್ ಅರ್ಧಕ್ಕೇ ನಿಂತರೆ ಕ್ಯಾಮ್ ಬುಷ್, ಚೇಂಬರ್ ಸ್ಪ್ರಿಂಗ್ ಇಲ್ಲವೇ ಹವಾ ಹೊರಬಿಡುವ ವಾಲ್ವ್ ನೋಡಿ.

ಎಣ್ಣೆ ಬ್ರೇಕಿನ ಸಣ್ಣ ಗಾಡಿಯಲ್ಲಿ, ಗಾಲಿ ಬಿಗಿಯಾಗಿರುವಾಗಲೇ ಆ ಗಾಲಿಯ ಬ್ಲೀಡರ್ ನಿಪ್ಪಲ್ (ಎಣ್ಣೆ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಗಾಲಿ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಎಂದರ್ಥ. ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡು ಎಣ್ಣೆ ಹಿಂದೆ ಬರಲು ಬಿಡುತ್ತಿಲ್ಲ. ಹೊರಗಿನಿಂದ ಹೋಸ್ ಹೊಸದರಂತೆ ಕಾಣುತ್ತದೆ, ನಂಬಬೇಡಿ. ಎಣ್ಣೆ ಬಂದೂ ಗಾಲಿ ಬಿಗಿಯಾಗಿಯೇ ಉಳಿದರೆ ವೀಲ್ ಸಿಲಿಂಡರ್ ಅಥವಾ ಶೂ ಜಾಮ್ ಆಗಿದೆ.

## ಹಂತ 5: ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ

ಇಲ್ಲಿ ಬಹಳ ಜನ ತಪ್ಪು ಗಾಲಿಯನ್ನು ಬಿಚ್ಚುತ್ತಾರೆ. ಬ್ರೇಕ್ ಒತ್ತಿದಾಗ ಗಾಡಿ ಬಲಕ್ಕೆ ಹೋದರೆ ಬಲಗಡೆಯ ಬ್ರೇಕ್ ಜೋರಾಗಿ ಹಿಡಿಯುತ್ತಿದೆ, ಎಡಗಡೆಯದು ಸರಿಯಾಗಿ ಹಿಡಿಯುತ್ತಿಲ್ಲ. ಸಾಮಾನ್ಯವಾಗಿ ಕೆಟ್ಟಿರುವುದು ಎಡಗಡೆ, ಅಂದರೆ ಎಳೆಯುವ ಕಡೆಗೆ ಎದುರು. ಬಲಗಡೆಯ ಬ್ರೇಕನ್ನು ಸಡಿಲಿಸಿ ಸಮ ಮಾಡಿದರೆ ಎಳೆತ ನಿಲ್ಲುತ್ತದೆ, ಜೊತೆಗೆ ಗಾಡಿಯ ಬ್ರೇಕೂ ಹೋಗುತ್ತದೆ. ಹಾಗೆ "ಸರಿಮಾಡಿದ" ಲೋಡು ಗಾಡಿಯನ್ನು ಅರಬೈಲ್ ಘಟ್ಟದಲ್ಲಿ ಇಳಿಸುವವನ ಸ್ಥಿತಿ ಯೋಚಿಸಿ ನೋಡಿ.

ಗಾಲಿಗಳಿಗೆ ಬೆಣೆ ಕೊಟ್ಟು, ಟ್ಯಾಂಕಿನಲ್ಲಿ ಪೂರ್ತಿ ಹವಾ ತುಂಬಿಸಿ, ಎಂಜಿನ್ ಆರಿಸಿ. ಮುಂದಿನ ಎರಡೂ ಚೇಂಬರಿನ ರಾಡ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಸಹಾಯಕ ಪೆಡಲ್ ಒತ್ತಿ ಹಿಡಿಯಲಿ. ರಾಡ್ ಎಷ್ಟು ಹೊರಗೆ ಬಂತೆಂದು ಎರಡೂ ಕಡೆ ಅಳೆಯಿರಿ. ಒಂದು ಕಡೆ 25 ಮಿ.ಮೀ., ಇನ್ನೊಂದು ಕಡೆ 40 ಬಂದರೆ ಉತ್ತರ ಸಿಕ್ಕಿತು. ಹೆಚ್ಚು ದೂರ ಹೋಗುವ ಕಡೆಯ ಬ್ರೇಕ್ ತಡವಾಗಿ, ಕಡಿಮೆ ಬಲದಲ್ಲಿ ಹಿಡಿಯುತ್ತಿದೆ. ಕೈಯಿಂದ ತಿರುಗಿಸುವ ಅಡ್ಜಸ್ಟರ್ ಆದರೆ ಸರಿಮಾಡಿ. ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಆದರೆ ಅದನ್ನು ಪದೇ ಪದೇ ತಿರುಗಿಸಬೇಡಿ. ಅದು ತನ್ನ ಕೆಲಸ ಮಾಡುತ್ತಿಲ್ಲ ಎಂದರೆ ಅದೇ ಕೆಟ್ಟಿದೆ, ಅಥವಾ ಬುಷ್ ಸವೆದಿದೆ.

ಅಳತೆ ಸಮ ಇದ್ದೂ ಎಳೆದರೆ ಡ್ರಮ್ ಬಿಚ್ಚಿ. ಹಬ್ ಸೀಲ್ ಹೋಗಿ ಗ್ರೀಸ್ ಲೈನರಿಗೆ ತಾಗಿದೆಯೇ, ಒಂದು ಕಡೆ ಮಾತ್ರ ಹೊಸ ಲೈನರ್ ಹಾಕಿದ್ದಾರೆಯೇ, ಲೈನರ್ ಗಾಜಿನಂತೆ ಮಿಂಚುತ್ತಿದೆಯೇ ನೋಡಿ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಗ್ರೀಸ್ ಮತ್ತೆ ಮೇಲೆ ಬರುತ್ತದೆ. ಲೈನರ್ ಬದಲಿಸುವುದೊಂದೇ ದಾರಿ, ಅದೂ ಎರಡೂ ಕಡೆ ಒಟ್ಟಿಗೆ.

ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಹಾದುಬಂದ ಕೂಡಲೇ ಎಳೆದರೆ ಗಾಬರಿ ಬೇಡ. ನಿಧಾನ ವೇಗದಲ್ಲಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಲೈನರ್ ಒಣಗುತ್ತದೆ.

## ಹಂತ 6: ಹಬ್, ಕಿಂಗ್ ಪಿನ್, ಸ್ಟೇರಿಂಗ್

ಮುಂದಿನ ಗಾಲಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗಾಲಿಯ ಮೇಲ್ಭಾಗ, ಕೆಳಭಾಗ ಹಿಡಿದು ಅಲುಗಿಸಿ. ಭಾರದ ಗಾಲಿಗೆ ಕೆಳಗೆ ಹಾರೆಕೋಲು ಕೊಟ್ಟು ಎತ್ತಿ ನೋಡಿ. ಅಲುಗಾಟ ಇದ್ದರೆ ಸಹಾಯಕನಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್ ಸಡಿಲ. ಆಗಲೂ ಅಲುಗಿದರೆ ಕಿಂಗ್ ಪಿನ್, ಬುಷ್ ಸವೆದಿವೆ. ಗಾಲಿಯ ಎಡ–ಬಲ ಅಂಚು ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿನಿಂದ ಗಾಲಿಯ ಕಡೆಗೆ ಹೋಗುವ ಸರಳು) ನೋಡಿ.

ಕೊನೆಯ ತಿರುವಿನ ಕಡೆಗೇ ಅಂಟಿಕೊಳ್ಳುವ ಗಾಡಿ ಎಂದು ಹಂತ 1ರಲ್ಲಿ ಹೇಳಿದ್ದೆನಲ್ಲ, ಅದಕ್ಕೆ ಇಲ್ಲಿ ಉತ್ತರ ಇದೆ. ಎರಡೂ ಮುಂದಿನ ಗಾಲಿ ಎತ್ತಿ, ಡ್ರ್ಯಾಗ್ ಲಿಂಕ್ ಕಳಚಿ, ಗಾಲಿಗಳನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಬ್ಬನ ಕೈಬಲಕ್ಕೆ ಸರಾಗವಾಗಿ ತಿರುಗಬೇಕು. ತಡೆದು ತಡೆದು ತಿರುಗಿದರೆ ಕಿಂಗ್ ಪಿನ್ನಿಗೆ ಗ್ರೀಸ್ ಹೋಗಿಲ್ಲ ಅಥವಾ ಅದರ ಕೆಳಗಿನ ಥ್ರಸ್ಟ್ ಬೇರಿಂಗ್ ತುಕ್ಕು ಹಿಡಿದಿದೆ. ಗಾಲಿ ಸರಾಗವಾಗಿದ್ದರೆ ಸ್ಟೇರಿಂಗ್ ಬಾಕ್ಸನ್ನು ಯಾರೋ ಅತಿಯಾಗಿ ಬಿಗಿ ಮಾಡಿದ್ದಾರೆ.

ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಆಕ್ಸಲ್ ಎತ್ತಿರಲಿ. ಗಾಲಿ ನೆಲದ ಮೇಲಿದ್ದರೆ ಭಾರ ಬೀಳುವ ಜಾಗಕ್ಕೆ ಗ್ರೀಸ್ ಇಳಿಯುವುದೇ ಇಲ್ಲ, ಸಡಿಲವಿರುವ ಕಡೆಯಿಂದ ಹೊರಗೆ ಬರುತ್ತದೆ. ನಿಪ್ಪಲ್‌ನಿಂದ ಗ್ರೀಸ್ ಕಾಣಿಸಿತು ಎಂದು ನಿಲ್ಲಿಸಬೇಡಿ, ಹಳೆಯ ಕಪ್ಪು ಗ್ರೀಸ್ ಹೋಗಿ ಹೊಸದು ಬರುವವರೆಗೆ ಹೊಡೆಯಿರಿ.

ಪವರ್ ಸ್ಟೇರಿಂಗ್ ಇದ್ದರೆ ಇನ್ನೊಂದು ಪರೀಕ್ಷೆ. ಮುಂದಿನ ಗಾಲಿಗಳು ಸ್ಟ್ಯಾಂಡ್ ಮೇಲಿರುವಾಗ, ಹಿಂದಿನವಕ್ಕೆ ಬೆಣೆ ಕೊಟ್ಟು, ಡ್ರ್ಯಾಗ್ ಲಿಂಕ್ ಮತ್ತೆ ಜೋಡಿಸಿ ಎಂಜಿನ್ ಚಾಲೂ ಮಾಡಿ, ಸ್ಟೇರಿಂಗ್ ಬಿಡಿ. ಚಕ್ರ ತಾನಾಗಿ ಒಂದು ಕಡೆಗೆ ತಿರುಗಲು ಹೊರಟರೆ ಬಾಕ್ಸಿನೊಳಗಿನ ವಾಲ್ವ್ ಕೆಟ್ಟಿದೆ. ಆಗ ಯಾರೂ ಗಾಲಿಯ ಹತ್ತಿರ ಕೈ ಇಟ್ಟುಕೊಂಡಿರಬಾರದು.

## ಹಂತ 7: ಪಾಟಾ ಮತ್ತು ಹಿಂದಿನ ಹೌಸಿಂಗ್

ಮುಂದಿನ ಗಾಲಿಗಳನ್ನೇ ನೋಡಿ ನೋಡಿ ಸೋತವರಿಗೆ ಹೇಳುತ್ತೇನೆ, ಹಿಂದಕ್ಕೆ ಹೋಗಿ. ಹಿಂದಿನ ಹೌಸಿಂಗ್ ಸ್ವಲ್ಪ ಓರೆಯಾಗಿ ಕೂತಿದ್ದರೂ ಅದು ಇಡೀ ಗಾಡಿಯನ್ನು ಪಕ್ಕಕ್ಕೆ ದೂಡುತ್ತದೆ. ಡ್ರೈವರ್ ಸ್ಟೇರಿಂಗ್ ಓರೆ ಹಿಡಿದೇ ನೇರ ಓಡಿಸಬೇಕಾಗುತ್ತದೆ. ಹಿಂದೆ ಬೈಕಿನಲ್ಲಿ ಬರುವವನಿಗೆ ಗಾಡಿ ನಾಯಿ ಓಡಿದಂತೆ ಅಡ್ಡಡ್ಡ ಹೋಗುವುದು ಕಾಣುತ್ತದೆ. ಒದ್ದೆ ನೆಲದಿಂದ ಒಣ ಸಿಮೆಂಟಿನ ಮೇಲೆ ನೇರವಾಗಿ ಓಡಿಸಿ ಗಾಲಿಯ ಗುರುತು ನೋಡಿದರೂ ಗೊತ್ತಾಗುತ್ತದೆ: ಹಿಂದಿನ ಗಾಲಿಗಳ ಗುರುತು ಮುಂದಿನವಕ್ಕಿಂತ ಒಂದು ಪಕ್ಕಕ್ಕೆ ಸರಿದಿರುತ್ತದೆ.

ಅಳೆಯುವುದಕ್ಕೆ ಸಪಾಟು ಸಿಮೆಂಟ್ ನೆಲ, ಖಾಲಿ ಗಾಡಿ, ಮುಂದಿನ ಗಾಲಿಗಳು ನೇರ. ನಾಲ್ಕೂ ಹಬ್ಬಿನ ನಡುವಿನಿಂದ ತೂಗುಗುಂಡು ಇಳಿಸಿ ನೆಲಕ್ಕೆ ಗುರುತು ಹಾಕಿ. ಮುಂದಿನ ಗುರುತಿನಿಂದ ಹಿಂದಿನ ಗುರುತಿಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಸಮ ಇರಬೇಕು. ಅಂತರ ಕಡಿಮೆಯಿರುವ ಕಡೆಗೆ ಗಾಡಿ ಎಳೆಯುತ್ತದೆ. ಒಬ್ಬರೇ ಅಳೆದರೆ ಟೇಪು ಜೋತು ತಪ್ಪು ಬರುತ್ತದೆ, ಇಬ್ಬರು ಹಿಡಿದು ಮೂರು ಸಲ ಅಳೆಯಿರಿ.

ವ್ಯತ್ಯಾಸ ಸಿಕ್ಕಿದರೆ ಪಾಟಾ ಕಟ್ಟಿನ ಸೆಂಟರ್ ಬೋಲ್ಟ್ ನೋಡಿ. ಪಾಟಾಗಳನ್ನು ಪೋಣಿಸಿ ಆಕ್ಸಲನ್ನು ಜಾಗದಲ್ಲಿ ಕೂರಿಸುವುದು ಅದೇ. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾದರೆ ಭಾರವೆಲ್ಲ ಅದರ ಮೇಲೆ ಬಿದ್ದು ತುಂಡಾಗುತ್ತದೆ. ಹೊರಗಿನಿಂದ ಕಾಣುವ ಲಕ್ಷಣ: ಯು ಬೋಲ್ಟ್ ಬುಡದಲ್ಲಿ, ಪಾಟಾಗಳ ನಡುವೆ ಕೆಂಪು ತುಕ್ಕಿನ ಗೆರೆ, ಆಕ್ಸಲ್ ಮೊದಲು ಕೂತಿದ್ದ ಜಾಗದಲ್ಲಿ ಉಜ್ಜಿದ ಹೊಳಪು. ಸೆಂಟರ್ ಬೋಲ್ಟ್ ತುಂಡಾದ ಗಾಡಿಯನ್ನು ಲೋಡು ಹಾಕಿ ಘಟ್ಟಕ್ಕೆ ಬಿಡಬೇಡಿ.

ಮುರಿದ ಪಾಟಾ, ಸವೆದ ಪಿನ್, ಬುಷ್, ಶ್ಯಾಕಲ್ (ಪಾಟಾದ ತುದಿಯನ್ನು ಚೇಸಿಸಿಗೆ ಸೇರಿಸುವ ಕೊಂಡಿ) ನೋಡಿ. ಚೇಸಿಸಿನಿಂದ ನೆಲಕ್ಕೆ ಎರಡೂ ಕಡೆ ಎತ್ತರ ಅಳೆದರೆ ಸೋತ ಪಾಟಾ ತಿಳಿಯುತ್ತದೆ. ಹಿಂದೆ ಎರಡು ಹೌಸಿಂಗ್ ಇರುವ ದೊಡ್ಡ ಗಾಡಿಗಳಲ್ಲಿ ಹೌಸಿಂಗನ್ನು ಜಾಗದಲ್ಲಿ ಹಿಡಿದಿಡುವ ಟಾರ್ಕ್ ರಾಡಿನ ಬುಷ್ ಸವೆದರೆ ಆಕ್ಸಿಲೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಹೋಗುತ್ತದೆ.

## ಹಂತ 8: ಈಗ ಅಲೈನ್‌ಮೆಂಟ್

ಮೇಲಿನದೆಲ್ಲ ಸರಿಯಿದ್ದರೆ ಅಥವಾ ಸರಿಮಾಡಿದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಸವೆದ ಕಿಂಗ್ ಪಿನ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮೊದಲ ಹೊಂಡದವರೆಗೂ ಉಳಿಯುವುದಿಲ್ಲ.

ಟೋ ಎಂದರೆ ಮುಂದಿನ ಗಾಲಿಗಳು ಒಂದಕ್ಕೊಂದು ಒಳಮುಖ ಅಥವಾ ಹೊರಮುಖ ಆಗಿರುವುದು. ಇದು ತಪ್ಪಿದರೆ ಟೈರ್ ಗರಗಸದಂತೆ ಸವೆಯುತ್ತದೆ, ಆದರೆ ಗಾಡಿ ಒಂದೇ ಕಡೆಗೆ ಎಳೆಯುವುದಿಲ್ಲ. ಎಳೆತ ನಿಲ್ಲಿಸಲು ಟೈ ರಾಡ್ ತಿರುಗಿಸುವುದು ವ್ಯರ್ಥ. ಎಳೆಯುವುದು ಕ್ಯಾಂಬರ್ (ಗಾಲಿ ಒಳಕ್ಕೆ ಅಥವಾ ಹೊರಕ್ಕೆ ಬಾಗಿರುವುದು) ಮತ್ತು ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವುದು) ಎಡ–ಬಲ ಬೇರೆ ಬೇರೆಯಾದಾಗ. ಗಾಲಿಯ ಮೇಲ್ಭಾಗ ಹೆಚ್ಚು ಹೊರಗೆ ಬಾಗಿರುವ ಕಡೆಗೆ ಎಳೆಯುತ್ತದೆ. ಕ್ಯಾಸ್ಟರ್ ಆದರೆ ಕಡಿಮೆ ಇರುವ ಕಡೆಗೆ. ಕ್ಯಾಸ್ಟರನ್ನು ಪಾಟಾ ಮತ್ತು ಆಕ್ಸಲ್ ನಡುವೆ ಓರೆ ತಗಡು ಕೊಟ್ಟು ಸರಿಪಡಿಸಬಹುದು. ಕ್ಯಾಂಬರ್ ತಪ್ಪಿದೆ ಎಂದರೆ ಆಕ್ಸಲ್ ತೊಲೆಯೇ ಬಾಗಿದೆ ಅಥವಾ ಗಾಲಿ ಕೂರುವ ಸ್ಟಬ್ ಬಾಗಿದೆ.

ಬಾಗಿದ ಆಕ್ಸಲನ್ನು ಗ್ಯಾಸ್ ಹಚ್ಚಿ ಕೆಂಪು ಮಾಡಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಗಾಡಿ ಬಿಡಬೇಡಿ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ, ಮುಂದೊಂದು ದಿನ ಲೋಡಿನಡಿ ಅದು ಅಲ್ಲಿಯೇ ಮುರಿಯುತ್ತದೆ.

ಅಲೈನ್‌ಮೆಂಟ್ ಮಾಡಿಸಿದರೆ ಮೊದಲಿನ ಮತ್ತು ನಂತರದ ಅಳತೆ ಎರಡನ್ನೂ ಬರೆಸಿಕೊಳ್ಳಿ, ಹಿಂದಿನ ಆಕ್ಸಲ್ ಸಮೇತ. ಅಳತೆ ಕೊಡದೆ "ಸರಿ ಆಯ್ತು" ಎಂದಷ್ಟೇ ಹೇಳುವ ಕಡೆ ದುಡ್ಡು ಕೊಡಬೇಡಿ.

## ಹುಡುಕುವುದನ್ನು ಬಿಟ್ಟು ಗಾಡಿ ನಿಲ್ಲಿಸಬೇಕಾದ ಹೊತ್ತು

ನಿನ್ನೆಯವರೆಗೆ ಇಲ್ಲದ ಎಳೆತ ಓಡುತ್ತಿರುವಾಗಲೇ ಥಟ್ಟನೆ ಶುರುವಾದರೆ. ಒಂದು ಗಾಲಿಯಿಂದ ಸುಟ್ಟ ವಾಸನೆ, ಹೊಗೆ ಬಂದರೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಡವಾಗಿ ತಿರುಗಿದರೆ. ಬ್ರೇಕ್ ಒತ್ತಿದಾಗ ಹವಾ ಸೋರುವ ಸದ್ದು ಕೇಳಿ ಗೇಜಿನ ಮುಳ್ಳು ಇಳಿದರೆ. ಮುಂದಿನ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ. ಹೊಂಡಕ್ಕೆ ಬಿದ್ದ ನಂತರ ಪಾಟಾ ಕಡೆಯಿಂದ ಟಣ್ ಎಂಬ ಸದ್ದು ಶುರುವಾದರೆ.

ಇವುಗಳಲ್ಲಿ ಒಂದಿದ್ದರೂ ಪಕ್ಕಕ್ಕೆ ನಿಲ್ಲಿಸಿ, ಹಿಂದೆ ಮುಂದೆ ಗುರುತು ಇಟ್ಟು, ಜನ ಕರೆಸಿ. ಯಲ್ಲಾಪುರದಿಂದ, ಶಿರಸಿಯಿಂದ ಕೆಳಗೆ ಬರುವವರು ಘಟ್ಟದ ತಲೆಯಲ್ಲೇ ಇದನ್ನು ತೀರ್ಮಾನಿಸಬೇಕು, ಇಳಿಯಲು ಶುರು ಮಾಡಿದ ಮೇಲೆ ನಿಲ್ಲಿಸಲು ಸರಿಯಾದ ಜಾಗ ಸಿಗುವುದಿಲ್ಲ. ಹೊಗೆಯಾಡುವ ಗಾಲಿಯ ಎದುರು ನಿಂತು ಬಗ್ಗಿ ನೋಡಬೇಡಿ, ಕಾದ ಟೈರ್ ಒಡೆಯುವುದು ಪಕ್ಕಕ್ಕೇ.

## ಕೊನೆಯ ಓಟ

ಮೊದಲು ಪರೀಕ್ಷಿಸಿದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಎರಡೂ ದಿಕ್ಕಿಗೆ ಓಡಿಸಿ. ಖಾಲಿ ಗಾಡಿ ಸರಿಯಿದ್ದರೆ ಲೋಡು ಹಾಕಿ ಇನ್ನೊಮ್ಮೆ. ರಸ್ತೆ ಖಾಲಿಯಿರುವಾಗ 30 ಕಿ.ಮೀ. ವೇಗದಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ ನೇರ ನಿಲ್ಲುತ್ತದೆಯೇ ನೋಡಿ. ಇಳಿದು ಡ್ರಮ್ಮುಗಳ ಶಾಖವನ್ನು ಮತ್ತೊಮ್ಮೆ ಅಳೆಯಿರಿ.

ಗಾಲಿ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ವೀಲ್ ನಟ್‌ಗಳನ್ನು ಮತ್ತೆ ಬಿಗಿ ಮಾಡಿ. ಪಾಟಾ ಕೆಲಸ ಆಗಿದ್ದರೆ ಮೊದಲ ಲೋಡು ಇಳಿಸಿದ ಮೇಲೆ ಯು ಬೋಲ್ಟ್‌ಗಳನ್ನೂ ಬಿಗಿ ಮಾಡಿಸಿ, ಮನೆಗೆ ಹೋಗುವ ಅವಸರದಲ್ಲಿ ನಾಳೆಗೆ ಬಿಡಬೇಡಿ.